ಇಂಗ್ಲಿಷ್ ಕಠಿಣ ಶಬ್ದ ಬಾಯಿಪಾಠ ಮಾಡಿದ್ರೂ ಉಳೀತಿಲ್ಲ, ಎಂತ ಮಾಡೂದು?

ಶಿರಸಿ_ಹುಡುಗಿ:
ಹತ್ತನೇ ತನಕ ಕನ್ನಡ ಮೀಡಿಯಂ, ಈಗ ಬ್ಯಾಂಕ್ ಎಕ್ಸಾಮಿಗೆ ಓದ್ತಾ ಇದೇನೆ. ದಿನಾ ಇಪ್ಪತ್ತು ಶಬ್ದ ಅರ್ಥದ ಸಮೇತ ಪಟ್ಟಿಯಲ್ಲಿ ಬರಕೊಳ್ತೇನೆ, ವಾರ ಕಳೆದ್ರೆ ಅರ್ಧ ಮರ್ತೋಗ್ತದೆ. ಹೋದ ತಿಂಗಳು ಮಾಕ್ ಇಂಟರ್‌ವ್ಯೂನಲ್ಲಿ ನಿಮ್ಮೂರಿನ ಬಗ್ಗೆ ಹೇಳಿ ಅಂದ್ರು, ನಾನು ಶಿರಸಿ ಮಾರಿಕಾಂಬಾ ಜಾತ್ರೆಗೆ ‘ನೊಟೋರಿಯಸ್’ ಅಂದ್ಬಿಟ್ಟೆ, ನನ್ನ ಪಟ್ಟಿಯಲ್ಲಿ ಅದರೆದುರಿಗೆ ‘ಹೆಸರುವಾಸಿ’ ಅಂತ ಇತ್ತು, ಕೆಟ್ಟದ್ದಕ್ಕೆ ಹೆಸರಾದದ್ದಕ್ಕೆ ಹೇಳೋ ಶಬ್ದ ಅಂತ ಆಮೇಲೆ ಗೊತ್ತಾಯ್ತು. ಎರಡು ವರ್ಷಕ್ಕೊಮ್ಮೆ ಬರೋ ಅಮ್ಮನ ಜಾತ್ರೆ, ಉಡಿ ತುಂಬಿ ಕೈಮುಗಿಯೋ ಜಾಗ, ಅದಕ್ಕೆ ಎಂಥಾ ಶಬ್ದ ಹಚ್ಚಿದೆ ಅಂತ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಕಾರವಾರ_ಮಾಸ್ತರು:
ಬೇಜಾರು ಮಾಡ್ಕೋಬೇಡ ತಂಗಿ. ಬಿಡಿಬಿಡಿಯಾಗಿ ಕಲೀಬೇಡ, ಮೂಲ ಹಿಡಿ. ಲ್ಯಾಟಿನ್ನಿನಲ್ಲಿ ‘ಬೆನೆ’ ಅಂದ್ರೆ ಒಳ್ಳೇದು, ‘ಮಾಲೆ’ ಅಂದ್ರೆ ಕೆಟ್ಟದ್ದು. ಬೆನೆವೊಲೆಂಟ್ ಒಳ್ಳೇದು ಬಯಸುವವ, ಮಲೆವೊಲೆಂಟ್ ಕೇಡು ಬಯಸುವವ. ನಮಗೆಲ್ಲ ಗೊತ್ತಿರೋ ಮಲೇರಿಯಾನೂ ಇದೇ ಮನೆತನದ್ದು, ಇಟಾಲಿಯನ್ನಿನಲ್ಲಿ ‘ಕೆಟ್ಟ ಗಾಳಿ’ ಅಂತ, ಸೊಳ್ಳೆಯಿಂದ ಬರ್ತದೆ ಅಂತ ಆಗ ಗೊತ್ತಿರಲಿಲ್ಲ.

ಘಟ್ಟದ_ಮೇಲಿನವ:
ಮಾಸ್ತರ್ರೆ, ನೀವು ಹೇಳಿದ್ದು ಉಪಯೋಗಕ್ಕೆ ಬರ್ತದೆ, ಆದ್ರೆ ಅದೊಂದೇ ಸಾಲೂದಿಲ್ಲ. ನೊಟೋರಿಯಸ್ ಮೂಲವೇ ‘ತಿಳಿದದ್ದು’ ಅಂತ, ಕೆಟ್ಟದ್ದು ಅನ್ನೋದು ಬಳಕೆಯಲ್ಲಿ ಬಂದದ್ದು. ನಮ್ಮಲ್ಲಿ ಖ್ಯಾತಕ್ಕೆ ‘ಕು’ ಸೇರಿ ಕುಖ್ಯಾತ ಆದ್ರೆ ಅದ್ರ ಮುಖದಲ್ಲೇ ಗೊತ್ತಾಗ್ತದೆ, ಅಲ್ಲಿ ಹಾಗಿಲ್ಲ. ಅದಕ್ಕೇ ಅರ್ಥದ ಬದಲು ವಾಕ್ಯ ಬರೀರಿ ತಂಗಿ, ಅದೂ ನಿಮ್ಮನೆಯದ್ದೇ. ನಾನು ‘ಮೆಟಿಕ್ಯುಲಸ್’ (ಸಣ್ಣದನ್ನೂ ಬಿಡದೆ ಜಾಗ್ರತೆಯಿಂದ ಮಾಡುವವ) ಕಲ್ತಿದ್ದು ಆಯಿ ಅಡಿಕೆ ಆರಿಸೋದು ನೋಡಿ. ಜಗಲಿ ಮೇಲೆ ಕೂತು ಒಂದೊಂದೇ ತಿರುಗಿಸಿ ನೋಡಿ, ರಾಶಿ, ಬೆಟ್ಟೆ ಅಂತ ಅಡಿಕೆಯ ತರಗಳನ್ನ ಬೇರೆ ಬೇರೆ ಮಾಡಿ, ಒಂದು ಕೋಕ (ಕಳಪೆ ಅಡಿಕೆ) ಸಹ ಒಳಗೆ ಹೋಗೂಕೆ ಬಿಡೂದಿಲ್ಲ, ಕತ್ತಲಾದ್ರೂ ಲೈಟ್ ಹಾಕ್ಕೊಂಡು ಅದೇ. ‘ಎಫೆಮರಲ್’ (ಸ್ವಲ್ಪ ಹೊತ್ತಷ್ಟೇ ಇರೋದು) ಅಂದ್ರೆ ನಂಗೆ ಅಂಗಳದ ಬ್ರಹ್ಮಕಮಲ, ರಾತ್ರಿ ಅರಳಿ ಬೆಳಗಾಗೂದ್ರೊಳಗೆ ಬಾಡ್ತದೆ. ಮತ್ತೆ ಇಪ್ಪತ್ತು ಜಾಸ್ತಿ ಆಯ್ತು, ಐದು ಸಾಕು. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಅದನ್ನೇ ತಿರುಗಿ ನೋಡಿ, ಅರ್ಥ ಕೈಯಲ್ಲಿ ಮುಚ್ಚಿಕೊಂಡು. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಮರೀತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿಟ್ಟಿದ್ದಾನೆ. ಮೊಬೈಲಿನಲ್ಲಿ ಆಂಕಿ ಆ್ಯಪ್ ಯಾವಾಗ ತಿರುಗಿ ನೋಡ್ಬೇಕು ಅನ್ನೋ ಲೆಕ್ಕ ತಾನೇ ಇಡ್ತದೆ.

ಶಿರಸಿ_ಹುಡುಗಿ:
ಇವತ್ತು ಪಟ್ಟಿ ತೆಗೆದು ‘ಹೆಸರುವಾಸಿ’ ಹೊಡೆದು ಹಾಕಿದೆ. ಜಾತ್ರೆಗೆ ‘ರಿನೌನ್ಡ್’ (ಒಳ್ಳೇದಕ್ಕೆ ಹೆಸರಾದದ್ದು) ಅಂತ ಬರ್ದೆ. ಮಳೆಗಾಲದಲ್ಲಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟಿ ಗುಡ್ಡ ಕುಸಿತಕ್ಕೆ ನೊಟೋರಿಯಸ್ ಅಂದ್ರೆ ಸರಿ ಆಗ್ತದಾ ಮಾಸ್ತರ್ರೆ?

ಕಾರವಾರ_ಮಾಸ್ತರು:
ಪಕ್ಕಾ ಸರಿ.