ಸಾಪಾ ಹಳ್ಳಿಗಳ ಚಾರಣ: ತಾಯಿಯನ್ನು ಕರೆದುಕೊಂಡು ಹೋಗಬಹುದೇ?

ಬಸವನಗುಡಿ ಓದುಗ (ಪ್ರಶ್ನೆ)

ಮಗಳ ದಸರಾ ರಜೆಯಲ್ಲಿ, ಅಂದರೆ ಅಕ್ಟೋಬರ್ ಎರಡನೆಯ ವಾರದಲ್ಲಿ, ವಿಯೆಟ್ನಾಮಿನ ಉತ್ತರ ಭಾಗಕ್ಕೆ ಹೋಗಿ ಸಾಪಾದಲ್ಲಿ ಮೂರು ರಾತ್ರಿ ತಂಗಬೇಕೆಂದಿದ್ದೇವೆ. ಜೊತೆಗೆ ಅರವತ್ತೆರಡು ವರ್ಷದ ನನ್ನ ತಾಯಿಯೂ ಬರುತ್ತಾರೆ. ಅವರು ದಿನವೂ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆಯುವವರಾದರೂ ಇಳಿಜಾರಿನಲ್ಲಿ ಮೊಣಕಾಲು ನೋಯುತ್ತದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಾವು ವಿಚಾರಿಸಿದ ಏಜೆನ್ಸಿಯವರು ಅರ್ಧ ದಿನ ಕಾತ್ ಕಾತ್ ಹಳ್ಳಿ, ಅಲ್ಲಿ ಬುಡಕಟ್ಟಿನವರ ಉಡುಪನ್ನು ಬಾಡಿಗೆಗೆ ತೊಟ್ಟು ಫೋಟೊ, ಮರುದಿನ ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರ್ ಎಂದು ಪಟ್ಟಿ ಕೊಟ್ಟಿದ್ದಾರೆ. ಯಾರದೋ ಮನೆಯಂಗಳವನ್ನು ವಸ್ತುಪ್ರದರ್ಶನದಂತೆ ನೋಡಿಬರಲು ಮನಸ್ಸು ಒಪ್ಪುತ್ತಿಲ್ಲ. ಏಜೆನ್ಸಿಯನ್ನು ಬಿಟ್ಟು ನಾವೇ ಹೋದರೆ ಹಳ್ಳಿಗಳನ್ನು ಸರಿಯಾಗಿ ನೋಡಲು ಸಾಧ್ಯವೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ವಿಜಯನಗರ ಚಾರಣಿಗ

ಮೊದಲು ಒಂದು ನಿರಾಶೆಯ ಸಂಗತಿಯನ್ನು ಹೇಳಿಬಿಡುತ್ತೇನೆ. ಚಿತ್ರಗಳಲ್ಲಿ ಕಾಣುವ ಹೊಂಬಣ್ಣದ ಮೆಟ್ಟಿಲುಗದ್ದೆಗಳು ನಿಮಗೆ ಸಿಗುವ ಸಂಭವ ಕಡಿಮೆ. ಸುಮಾರು 1,500 ಮೀಟರ್ ಎತ್ತರದ ಆ ಚಳಿಯ ನಾಡಿನಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ–ಜೂನ್ ಹೊತ್ತಿಗೆ ಗದ್ದೆಗೆ ನೀರು ಕಟ್ಟಿ ನಾಟಿ ಮಾಡಿದರೆ ಸೆಪ್ಟೆಂಬರಿನಲ್ಲಿ ಕೊಯ್ಲಾಗುತ್ತದೆ. ಅಕ್ಟೋಬರ್ ಮಧ್ಯಕ್ಕೆ ಉಳಿಯುವುದು ಹೆಚ್ಚಾಗಿ ಕೂಳೆ ಮತ್ತು ಅದನ್ನು ಮೇಯುವ ಎಮ್ಮೆಗಳು. ಆದರೆ ಮಳೆ ಹಿಂದೆ ಸರಿದು ಕಾಲುದಾರಿಯ ಕೆಸರು ಒಣಗಿರುತ್ತದೆಯಾದ್ದರಿಂದ ನಿಮ್ಮ ತಾಯಿಯವರ ಮೊಣಕಾಲಿನ ದೃಷ್ಟಿಯಿಂದ ಅದೇ ಒಳ್ಳೆಯ ಕಾಲ.

ಕಾತ್ ಕಾತ್ ಹ್ಮಾಂಗ್ ಜನರ ನಿಜವಾದ ಹಳ್ಳಿಯೇ, ಆದರೆ ಪೇಟೆಯಿಂದ ಎರಡು ಕಿಲೋಮೀಟರ್ ದೂರದಲ್ಲಿರುವುದರಿಂದ ಈಗ ಪ್ರವೇಶ ಶುಲ್ಕ, ಸಾಲು ಅಂಗಡಿಗಳು ಮತ್ತು ಬಾಡಿಗೆ ಉಡುಪಿನವರ ನೂಕುನುಗ್ಗಲು ಸೇರಿ ಭಾನುವಾರ ಬೆಳಗಿನ ನಂದಿಬೆಟ್ಟದಂತಾಗಿದೆ. ಹೋಗುವುದಕ್ಕೆ ಬರುವುದಕ್ಕೆ ಮೆಟ್ಟಿಲುಗಳೂ ಬಹಳ. ಅದರ ಬದಲು ಮುಅಂಗ್ ಹೋವಾ ಕಣಿವೆಗೆ ಇಳಿಯಿರಿ. ‘ಈ ಲಿನ್ ಹೋ’, ‘ಲಾವೊ ಚಾಯ್’ ಎಂಬ ಹ್ಮಾಂಗ್ ಹಳ್ಳಿಗಳನ್ನು ದಾಟಿ ಝಾಯ್ ಜನರಿರುವ ತಾ ವಾನ್ ತಲುಪುವ ದಾರಿ ಸುಮಾರು 12 ಕಿಲೋಮೀಟರ್. ಲಾವೊ ಚಾಯ್‌ವರೆಗೆ ವಾಹನದಲ್ಲಿ ಹೋಗಿ ಅಲ್ಲಿಂದ ತಾ ವಾನ್‌ವರೆಗೆ ಮಾತ್ರ ನಡೆದರೆ ಕಠಿಣವಾದ ಇಳಿಜಾರು ತಪ್ಪುತ್ತದೆ. ಒಂದು ರಾತ್ರಿಯನ್ನಾದರೂ ಪೇಟೆಯ ಹೋಟೆಲಿನಲ್ಲಿ ಕಳೆಯದೆ ತಾ ವಾನ್‌ನ ಹೋಂಸ್ಟೇಯಲ್ಲಿ ಕಳೆಯಿರಿ.

ದಾರಿ ತೋರಿಸಲು ಹ್ಮಾಂಗ್ ಮಹಿಳೆಯೊಬ್ಬರನ್ನು ಗೊತ್ತುಮಾಡಿಕೊಳ್ಳುವುದು ಇಡೀ ಪ್ರವಾಸದಲ್ಲಿ ಅತ್ಯಂತ ಮುಖ್ಯವಾದ ನಿರ್ಧಾರ. ಅವರ ಮನೆಮಾತು ವಿಯೆಟ್ನಾಮೀ ಅಲ್ಲ, ಬೇರೆಯೇ ಕುಟುಂಬದ ಭಾಷೆ; ಪ್ರವಾಸಿಗರ ಬಾಯಿಂದಲೇ ಕಲಿತ ಇಂಗ್ಲಿಷಿನಲ್ಲಿ ಅವರು ಸರಾಗವಾಗಿ ಮಾತನಾಡುವುದನ್ನು ಕೇಳಿದಾಗ ನನಗೆ ಹಂಪಿಯ ಹುಡುಗರು ನೆನಪಾದರು. ನಮಗೆ ದಾರಿ ತೋರಿಸಿದಾಕೆಯ ಎರಡೂ ಅಂಗೈಗಳು ನೀಲಿಗಪ್ಪಾಗಿದ್ದವು. ಸೆಣಬಿನಂಥ ನಾರಿನ ಬಟ್ಟೆಯನ್ನು ಮನೆಯಲ್ಲೇ ನೇಯ್ದು, ನೀಲಿ ಗಿಡದ ಬಣ್ಣದಲ್ಲಿ ಮತ್ತೆ ಮತ್ತೆ ಅದ್ದುವವರ ಕೈಗೆ ಹತ್ತಿದ ಆ ಬಣ್ಣ ಸುಲಭಕ್ಕೆ ಬಿಡುವುದಿಲ್ಲವಂತೆ. ಜೇನುಮೇಣದಿಂದ ಚಿತ್ತಾರ ಬರೆದ ಬಟ್ಟೆಯೊಂದನ್ನು ಆಕೆಯಿಂದಲೇ ಕೊಂಡೆ. ಮನೆಗೆ ಬಂದು ಒಗೆದಾಗ ನನ್ನ ಎರಡು ಬಿಳಿ ಅಂಗಿಗಳೂ ನೀಲಿಯಾದವು. ಬೇರೆಯಾಗಿ ಒಗೆಯಿರಿ.

ಜಯನಗರ ನಾಲ್ಕನೇ ಬಡಾವಣೆ

ಊಟದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನನ್ನ ಅತ್ತೆಯವರನ್ನು ಕರೆದುಕೊಂಡು ಹೋಗಿ ಪಾಡುಪಟ್ಟಿದ್ದೇನೆ. ‘ಮಾಂಸ ಬೇಡ’ ಎಂದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ‘ಆನ್ ಚಾಯ್’ ಎಂಬ ಎರಡು ಮಾತು ಕಲಿತುಕೊಳ್ಳಿ. ಬೌದ್ಧರು ಚಾಂದ್ರಮಾನದ 1 ಮತ್ತು 15ನೆಯ ದಿನಗಳಲ್ಲಿ ಮಾಡುವ ಸಸ್ಯಾಹಾರಕ್ಕೆ ಅವರಿಟ್ಟ ಹೆಸರು ಇದು, ಆದ್ದರಿಂದ ಪೇಟೆಯ ಹೋಟೆಲುಗಳಲ್ಲಿ ತಕ್ಷಣ ಅರ್ಥವಾಗುತ್ತದೆ. ಹೋಂಸ್ಟೇಯವರಿಗೆ ಹಿಂದಿನ ದಿನವೇ ತಿಳಿಸಿದರೆ ಅನ್ನ, ತೋಫು, ಎಲೆಕೋಸು, ಸೀಮೆಬದನೆ ಕುಡಿಯ ಪಲ್ಯ ಸಿಗುತ್ತದೆ. ಹೌದು, ನಾವು ಕಾಯಿಯನ್ನಷ್ಟೇ ಹುಳಿಗೆ ಹಾಕುವ ಸೀಮೆಬದನೆಯ ಕುಡಿಯನ್ನು ಅವರು ಬೆಳ್ಳುಳ್ಳಿಯೊಂದಿಗೆ ಬಾಡಿಸುತ್ತಾರೆ. ಅತ್ತೆಯವರು ಬೆಳ್ಳುಳ್ಳಿ ತಿನ್ನದವರಾದ್ದರಿಂದ ಅವರ ಪಾಲೂ ನನಗೇ ಬಂತು. ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ.

ನಡೆದು ದಣಿದವರಿಗೆ ತಾ ಫಿನ್ ಕಡೆಯ ಕೆಂಪು ದಾವೊ ಜನರ ಮೂಲಿಕೆ ಸ್ನಾನ ಹಿತವಾಗಿರುತ್ತದೆ. ಕಾಡಿನ ಸೊಪ್ಪುಗಳನ್ನು ಕುದಿಸಿದ ಬಿಸಿನೀರನ್ನು ಮರದ ತೊಟ್ಟಿಯಲ್ಲಿ ತುಂಬಿ ಕೂರಿಸುತ್ತಾರೆ. ನಮ್ಮ ಬಾಣಂತಿ ಸ್ನಾನವನ್ನು ನೆನಪಿಸುವಂಥದ್ದು. ಅವರಲ್ಲಿಯೂ ಹೆರಿಗೆಯಾದವರಿಗೆ ಇದನ್ನೇ ಮಾಡಿಸುತ್ತಾರೆ. ರಕ್ತದೊತ್ತಡವಿದ್ದರೆ ಹೆಚ್ಚು ಹೊತ್ತು ಕೂರುವುದು ಬೇಡ.

ಯಲಹಂಕ ಉಪನಗರ

ಚಾರಣಿಗರ ಮಾತಿಗೆ ಒಂದು ಸಣ್ಣ ತಕರಾರಿದೆ. ಒಬ್ಬರನ್ನು ಗೊತ್ತುಮಾಡಿಕೊಂಡರೂ ಇನ್ನೂ ಮೂರ್ನಾಲ್ಕು ಮಹಿಳೆಯರು ಬುಟ್ಟಿ ಹೊತ್ತು ಕಿಲೋಮೀಟರುಗಟ್ಟಲೆ ಜೊತೆಗೆ ನಡೆಯುತ್ತಾರೆ, ಜಾರುವಲ್ಲಿ ಕೈಹಿಡಿಯುತ್ತಾರೆ, ಕೊನೆಯಲ್ಲಿ ಏನಾದರೂ ಕೊಳ್ಳಿ ಎನ್ನುತ್ತಾರೆ. ಅದನ್ನು ಮೋಸವೆಂದು ಬೇಸರಿಸಿಕೊಳ್ಳುವವರನ್ನು ಕಂಡಿದ್ದೇನೆ. ನನಗೆ ಅದು ಬೆಳಗಿನಿಂದ ದುಡಿದವರು ಕೇಳುವ ಕೂಲಿಯಂತೆಯೇ ಕಾಣುತ್ತದೆ. ಬೇಡವಾದರೆ ಮೊದಲ ತಿರುವಿನಲ್ಲೇ ಮೃದುವಾಗಿ ಹೇಳಿ. ಕೈಹಿಡಿಸಿಕೊಂಡ ಮೇಲೆ ಹೇಳುವುದು ಸರಿಯಲ್ಲ. ಆದರೆ ಮಕ್ಕಳಿಂದ ಏನನ್ನೂ ಕೊಳ್ಳಬೇಡಿ. ಮಗು ಬೀದಿಯಲ್ಲಿ ಗಳಿಸುವಷ್ಟು ದಿನ ಮನೆಯವರಿಗೆ ಅದನ್ನು ಶಾಲೆಗೆ ಕಳುಹಿಸುವ ಅವಸರವಿರುವುದಿಲ್ಲ. ನಿಮ್ಮ ಮಗಳಿಗೆ ಇದನ್ನು ಹೊರಡುವ ಮೊದಲೇ ವಿವರಿಸಿ, ಏಕೆಂದರೆ ಅಲ್ಲಿ ಬಳೆ ಹಿಡಿದು ನಿಲ್ಲುವವರು ಅವಳ ವಯಸ್ಸಿನವರೇ.

ಬಸವನಗುಡಿ ಓದುಗ

ಎಲ್ಲರಿಗೂ ಧನ್ಯವಾದಗಳು. ಕಾತ್ ಕಾತ್ ಬಿಟ್ಟು ತಾ ವಾನ್‌ನಲ್ಲಿ ಎರಡು ರಾತ್ರಿ ಎಂದು ತೀರ್ಮಾನಿಸಿದ್ದೇವೆ. ಹನೋಯ್‌ನಿಂದ ರೈಲೋ ಬಸ್ಸೋ? ಕೇಬಲ್ ಕಾರ್ ಟಿಕೆಟನ್ನು ಇಲ್ಲಿಂದಲೇ ಕೊಳ್ಳಬೇಕೇ?

ವಿಜಯನಗರ ಚಾರಣಿಗ

ಹೆದ್ದಾರಿಯಾದ ಮೇಲೆ ಬಸ್ಸಿಗೆ ಐದಾರು ಗಂಟೆ ಸಾಕು. ರಾತ್ರಿ ರೈಲು ಲಾವೊ ಕಾಯ್‌ವರೆಗೆ ಮಾತ್ರ. ಅಲ್ಲಿಂದ ಮತ್ತೆ ಸುಮಾರು 35 ಕಿಲೋಮೀಟರ್ ಘಟ್ಟದ ರಸ್ತೆ. ಆದರೂ ತಾಯಿಯವರು ಮಲಗಿ ಬರುವುದಾದರೆ ರೈಲೇ ಮೇಲು.

ಕೇಬಲ್ ಕಾರ್ ಟಿಕೆಟನ್ನು ಮುಂಚೆ ಕೊಳ್ಳಬೇಡಿ. 3,147 ಮೀಟರಿನ ಆ ಶಿಖರ ಮಂಜಿನಲ್ಲಿ ಮುಳುಗಿದ ದಿನ ಕಾಣುವುದು ಮುಂದಿನವರ ಬೆನ್ನು ಮಾತ್ರ, ನಮಗಾದದ್ದೂ ಅದೇ. ಬೆಳಿಗ್ಗೆ ಎದ್ದು ಬೆಟ್ಟದ ಕಡೆ ನೋಡಿ ನಿರ್ಧರಿಸಿ. ಕೇಬಲ್ ಕಾರ್ ಇಳಿದ ಮೇಲೂ ತುದಿಗೆ ಸುಮಾರು 600 ಮೆಟ್ಟಿಲುಗಳಿವೆ. ಪಕ್ಕದಲ್ಲೇ ಹಳಿಯ ಮೇಲಿನ ಪುಟ್ಟ ಗಾಡಿಯಿದೆ, ತಾಯಿಯವರನ್ನು ಅದರಲ್ಲಿ ಕೂರಿಸಿ.