ಹಳೆಯ ಕರಿಜ್ಮಾಕ್ಕೆ ಸ್ಟೀಲ್ ಬ್ರೇಕ್ ಲೈನ್: ನಮ್ಮ ಕಡಲತೀರದಲ್ಲಿ ಹಾಕಿಸಬಹುದೇ?

ಕಾಪು ಸವಾರ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 2006ರ ಹೀರೋ ಹೋಂಡಾ ಕರಿಜ್ಮಾ ಬೈಕು. ಅಣ್ಣ ಕೊಂಡ ಗಾಡಿ. ಅವರು ಮಸ್ಕತ್‌ಗೆ ಹೋದ ಮೇಲೆ ನನ್ನ ಪಾಲಿಗೆ ಬಂತು. ಮುಂದೆ 276 ಮಿಲಿಮೀಟರಿನ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಬ್ರೇಕಿನ ಆಯಿಲ್ ಹರಿಯುವ ರಬ್ಬರ್ ಹೋಸ್ ಗಾಡಿಯ ಜೊತೆ ಬಂದದ್ದೇ ಇಂದಿಗೂ ಇದೆ, ಅದರ ಮೈಮೇಲೆ ಈಗ ಸಣ್ಣ ಸಣ್ಣ ಬಿರುಕುಗಳು ಕಾಣಿಸುತ್ತಿವೆ.

ಎರಡು ಮಳೆಗಾಲಗಳಿಂದ ಲಿವರ್ ಮೆತ್ತಗಾಗಿದೆ. ಕಾಪುವಿನಿಂದ ಮಂಗಳೂರಿನ ಹಂಪನಕಟ್ಟೆಗೆ ಹೆದ್ದಾರಿಯಲ್ಲಿ ದಿನಾ ಹೋಗಿಬರುವುದಕ್ಕೆ ಅಷ್ಟೇನೂ ತೊಂದರೆ ಆಗುತ್ತಿರಲಿಲ್ಲವಾದ್ದರಿಂದ ನಾನೂ ಉದಾಸೀನ ಮಾಡಿದೆ. ಆದರೆ ಕಳೆದ ತಿಂಗಳು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದಾಗ, ಅಲ್ಲಿನ 14 ತಿರುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ, ಲಿವರ್ ಏಕಾಏಕಿ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಹೋಯಿತು. ಗೇರ್ ಇಳಿಸಿ, ಹಿಂದಿನ ಡ್ರಮ್ಮನ್ನೇ ನಂಬಿ ಹೇಗೋ ಘಾಟಿಯ ಬುಡದ ಸೋಮೇಶ್ವರ ತಲುಪಿದೆವು. ಅರ್ಧ ಗಂಟೆ ನಿಂತು ಚಹಾ ಕುಡಿದು ಬಂದು ನೋಡಿದರೆ ಬ್ರೇಕ್ ಏನೂ ಆಗದ ಹಾಗೆ ಹಿಡಿಯುತ್ತಿತ್ತು.

ಈ ರಬ್ಬರ್ ಹೋಸ್ ಬದಲಿಗೆ ಸ್ಟೇನ್‌ಲೆಸ್ ಸ್ಟೀಲ್ ಹೆಣಿಗೆಯ ಲೈನ್ ಹಾಕಿಸಿದರೆ ಇದೆಲ್ಲ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಸಿದ್ಧ ಲೈನ್ ತರಿಸಿದರೆ ಎರಡು ಸಾವಿರ ಚಿಲ್ಲರೆ ಆಗುತ್ತದೆ. ಜೆಸಿಬಿ ಹೋಸ್‌ಗಳಿಗೆ ತುದಿ ಒತ್ತಿಕೊಡುವ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಅದರ ಕಾಲು ಭಾಗಕ್ಕೆ ಮಾಡಿಕೊಡುತ್ತೇವೆ ಎಂದರು. ಯಾವುದು ಒಳ್ಳೆಯದು? ಮನೆಯಿಂದ ಸಮುದ್ರ ಮುನ್ನೂರು ಹೆಜ್ಜೆ. ಈ ಉಪ್ಪು ಗಾಳಿಯಲ್ಲಿ ಸ್ಟೀಲ್ ಲೈನ್ ಉಳಿಯುತ್ತದೆಯೇ?

ಸುರತ್ಕಲಿನ ಫಿಟ್ಟರ್:

ಮೊದಲು ಜೆಸಿಬಿ ಅಂಗಡಿಯ ವಿಷಯ, ಏಕೆಂದರೆ ಜೀವಕ್ಕೆ ಅಪಾಯ ಇರುವುದು ಅಲ್ಲಿ. ನಾನು ಬಹಳ ವರ್ಷ ಭಾರಿ ಯಂತ್ರಗಳ ಹೈಡ್ರಾಲಿಕ್ ಕೆಲಸ ಮಾಡಿದವನು. ಆ ಹೋಸ್‌ಗಳ ಬಲದ ಬಗ್ಗೆ ನನಗೆ ಸಂಶಯವಿಲ್ಲ. ನಿಮ್ಮ ಕೈಬೆರಳುಗಳು ಹುಟ್ಟಿಸುವ ಒತ್ತಡ ಅವಕ್ಕೆ ಲೆಕ್ಕಕ್ಕೇ ಇಲ್ಲ. ತೊಂದರೆ ಇರುವುದು ಒಳಗೆ ಹರಿಯುವ ದ್ರವದಲ್ಲಿ. ನಾವು ಬ್ರೇಕ್ ಆಯಿಲ್ ಎಂದು ಕರೆಯುತ್ತೇವೆಯೇ ಹೊರತು ಡಾಟ್ 3, ಡಾಟ್ 4 ಎಂಬುವು ಎಣ್ಣೆಗಳಲ್ಲ, ಗ್ಲೈಕಾಲ್ ಜಾತಿಯ ದ್ರವಗಳು. ಯಂತ್ರಗಳ ಹೋಸ್‌ನ ಒಳಪದರ ಸಾಮಾನ್ಯವಾಗಿ ಖನಿಜ ಎಣ್ಣೆಗೆ ಒಗ್ಗುವ ನೈಟ್ರೈಲ್ ರಬ್ಬರು. ಗ್ಲೈಕಾಲ್ ತಾಗಿದರೆ ಅದು ಉಬ್ಬಿ, ಮೆತ್ತಗಾಗಿ, ಕೆಲವು ತಿಂಗಳಲ್ಲಿ ಒಳಗಿನಿಂದಲೇ ಕಳಚತೊಡಗುತ್ತದೆ. ಆ ಚೂರುಗಳು ಲಿವರಿನ ಬಳಿ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಮುಚ್ಚಿದರೆ ಮುಂದಿನ ಚಕ್ರ ಹಿಡಿದುಕೊಂಡೇ ಬಿಡಬಹುದು. ಬ್ರೇಕಿಗೆಂದೇ ಮಾಡಿದ ಸ್ಟೀಲ್ ಲೈನಿನ ಒಳಗೆ ಇರುವುದು ಟೆಫ್ಲಾನ್ ಕೊಳವೆ, ಅದಕ್ಕೆ ಗ್ಲೈಕಾಲ್ ಏನೂ ಮಾಡುವುದಿಲ್ಲ. ಉಳಿಯುವ ಹಣದ ಆಸೆಗೆ ಆ ಅಂಗಡಿಯ ದಾರಿ ಹಿಡಿಯಬೇಡಿ ಮಾರಾಯ್ರೆ.

ಇನ್ನು ಆಗುಂಬೆಯಲ್ಲಿ ಆದದ್ದು. ಅದು ಹೋಸ್‌ನ ತಪ್ಪು ಎಂದು ನನಗೆ ಅನಿಸುವುದಿಲ್ಲ. ಉಬ್ಬುವ ಹೋಸ್ ಬಿಸಿಗೂ ತಂಪಿಗೂ ಹೆಚ್ಚುಕಡಿಮೆ ಒಂದೇ ರೀತಿ ಮೆತ್ತಗಿರುತ್ತದೆ; ಘಾಟಿಯಲ್ಲಿ ಮಾಯವಾಗಿ ಚಹಾದ ಹೊತ್ತಿಗೆ ಮರಳಿ ಬರುವ ಬ್ರೇಕ್ ಎಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ದ್ರವ ಕುದಿದಿದೆ ಎಂದೇ ಅರ್ಥ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನೀವು ಲಿವರಿನಿಂದ ಒತ್ತಿದ್ದು ಆವಿಯನ್ನು. ಹೊಸ ಡಾಟ್ 4ರ ಕುದಿಬಿಂದು ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬುದು ನಿಯಮ, ಆದರೆ ಅದು ಸುಮಾರು 3.7 ಶೇಕಡಾ ನೀರು ಹೀರಿಕೊಂಡ ಸ್ಥಿತಿಯಲ್ಲಿ ಇರಬೇಕಾದ ಕನಿಷ್ಠ ಬಿಂದು 155 ಡಿಗ್ರಿ ಮಾತ್ರ. ನಮ್ಮ ಊರಿನ ತೇವದ ಗಾಳಿಯಲ್ಲಿ ರಬ್ಬರ್ ಹೋಸ್‌ನ ಗೋಡೆಯ ಮೂಲಕವೂ ನೀರಿನ ಅಂಶ ಒಳಗೆ ಸೇರುತ್ತಿರುತ್ತದೆ. ನೀವು ಬ್ರೇಕ್ ಆಯಿಲ್ ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಬರೆದಿಲ್ಲ, ಬರೆಯದೇ ಇರುವುದರಿಂದಲೇ ನನಗೆ ಉತ್ತರ ಸಿಕ್ಕಿತು.

ಆದರೆ ಹಳೆಯ ಆಯಿಲ್ ತಾನಾಗಿ ಕುದಿಯುವುದಿಲ್ಲ, ಅತಿಯಾದ ಬಿಸಿ ಬೇಕು. ಪ್ಯಾಡ್ ಡಿಸ್ಕನ್ನು ಬಿಡದೆ ಸವರುತ್ತಿರಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ, ಲಿವರ್ ಒಮ್ಮೆ ಬಲವಾಗಿ ಹಿಡಿದು ಬಿಟ್ಟು, ಚಕ್ರ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕ್ಯಾಲಿಪರಿನಿಂದ ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ಬ್ಲೀಡ್ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಸಡಿಲಿಸಿದ ತಕ್ಷಣ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದಾಗುತ್ತದೆ: ಒಂದೋ ಮಾಸ್ಟರ್ ಸಿಲಿಂಡರಿನ ರಂಧ್ರ ಮುಚ್ಚಿದೆ, ಇಲ್ಲವೇ ಮುದಿ ಹೋಸ್‌ನ ಒಳಗೋಡೆ ಊದಿಕೊಂಡು ಆಯಿಲನ್ನು ಹೋಗಲು ಬಿಟ್ಟು ಮರಳಲು ಬಿಡುತ್ತಿಲ್ಲ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ನುಗಳೋ ಕ್ಯಾಲಿಪರ್ ಜಾರುವ ಪಿನ್ನುಗಳೋ ಹಿಡಿದಿವೆ. ನಮ್ಮ ಕರಾವಳಿಯ ಗಾಡಿಗಳಲ್ಲಿ ಹತ್ತರಲ್ಲಿ ಏಳೆಂಟು ಸಲ ನಾನು ಕಂಡದ್ದು ಈ ಪಿನ್ನುಗಳನ್ನೇ. ಪಿನ್ ಹಿಡಿದರೆ ಕ್ಯಾಲಿಪರ್ ನೇರವಾಗಿ ಸರಿಯದೆ ಓರೆಯಾಗಿ ಬಾಗುತ್ತದೆ, ಆ ಬಾಗುವಿಕೆಯೂ ಕೈಗೆ ಸ್ಪಂಜಿನ ಹಾಗೆಯೇ ತೋರುತ್ತದೆ.

ಈ ಪರೀಕ್ಷೆ ಮುಗಿಸಿ ಬನ್ನಿ. ಲೈನಿನ ಮಾತು ಆಮೇಲೆ.

ಮಲ್ಪೆ ದಡ:

ಫಿಟ್ಟರ್ ಅವರ ಮಾತು ಒಪ್ಪುತ್ತೇನೆ, ಆದರೆ ಸ್ಟೀಲ್ ಲೈನ್ ಬೇಡವೆಂದು ನನ್ನ ಅಭಿಪ್ರಾಯ. ಸ್ಟೇನ್‌ಲೆಸ್ ಎಂಬ ಹೆಸರನ್ನು ಕಡಲತೀರದವರು ಪೂರ್ತಿ ನಂಬಬಾರದು. ಬಂದರಿನ ಬೋಟುಗಳಲ್ಲಿ 304 ದರ್ಜೆಯ ಬೋಲ್ಟು ಹಾಕಿ ಒಂದು ವರ್ಷದೊಳಗೆ ಚಹಾದ ಕಲೆಯಂತೆ ಕಂದು ಬಣ್ಣ ಬಂದದ್ದನ್ನು, ಇನ್ನೂ ಕೆಲವು ಕಾಲ ಬಿಟ್ಟು ಸೂಜಿ ಚುಚ್ಚಿದಂತೆ ಸಣ್ಣ ಗುಳಿಗಳು ಬಿದ್ದದ್ದನ್ನು ನಾನು ನೋಡುತ್ತಲೇ ಇರುತ್ತೇನೆ. ಉಪ್ಪಿನ ಕ್ಲೋರೈಡ್ ಆ ಲೋಹದ ಮೇಲಿನ ರಕ್ಷಣೆಯ ಪೊರೆಯನ್ನು ಅಲ್ಲಲ್ಲಿ ತಿನ್ನುತ್ತದೆ. 316 ದರ್ಜೆಯಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಅದು ಹೆಚ್ಚು ತಾಳುತ್ತದೆ, ಆದರೆ ಅಗ್ಗದ ಲೈನುಗಳಲ್ಲಿ ಯಾವ ದರ್ಜೆ ಇದೆ ಎಂದು ಮಾರುವವರಿಗೇ ಗೊತ್ತಿರುವುದಿಲ್ಲ. ಕೆಲವದರ ತುದಿಯ ಫಿಟ್ಟಿಂಗ್ ಸ್ಟೇನ್‌ಲೆಸ್ಸೂ ಅಲ್ಲ, ಸತು ಲೇಪಿಸಿದ ಕಬ್ಬಿಣ. ಅದು ನಮ್ಮಲ್ಲಿ ಎರಡನೆಯ ಮಳೆಗಾಲಕ್ಕೆ ಕೆಂಪಾಗುತ್ತದೆ.

ಇನ್ನೊಂದು ಸಂಗತಿ ಇದೆ. ಹೆಣಿಗೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಅದಕ್ಕೆ ಎಲ್ಲಾದರೂ ಒಂದು ಗೀರು ಬಿದ್ದರೆ ಉಪ್ಪುನೀರು ಒಳಗಿಳಿದು ಅಲ್ಲೇ ನಿಲ್ಲುತ್ತದೆ. ಮೀನಿನ ಲಾರಿಗಳಿಂದ ಸುರಿಯುವ ನೀರಿನ ಹಿಂದೆ ಹೆದ್ದಾರಿಯಲ್ಲಿ ಹೋದವರಿಗೆ ಅದು ಮೈಗೂ ಗಾಡಿಗೂ ಹೇಗೆ ಅಂಟುತ್ತದೆ ಎಂದು ವಿವರಿಸಬೇಕಾಗಿಲ್ಲ. ರಬ್ಬರ್ ಹೋಸ್ ಹಳತಾದಾಗ ಬಿರುಕು ಬಿಟ್ಟು ಮುಂಚಿತವಾಗಿ ತಿಳಿಸುತ್ತದೆ. ಕಂಪನಿಯ ಹೊಸ ರಬ್ಬರ್ ಹೋಸ್ ಹಾಕಿಸಿ, ಆಯಿಲ್ ಬದಲಿಸಿ. 2006ರಲ್ಲಿ ಆ ಗಾಡಿಯ ಲಿವರ್ ಮೆತ್ತಗಿರಲಿಲ್ಲ ಎಂಬುದು ನೆನಪಿರಲಿ. ಅಲ್ಲದೆ ಬ್ರೇಕ್ ಹಿಡಿದಾಗ ಚಕ್ರ ನಿಂತು ಜಾರದಂತೆ ತಡೆಯುವ ಎಬಿಎಸ್ ನಿಮ್ಮ ಗಾಡಿಗೆ ಇಲ್ಲ. ಲಿವರ್ ತಾಗಿದ ಕೂಡಲೇ ಕಚ್ಚುವ ಬ್ರೇಕು ಜೂನ್ ತಿಂಗಳ ಕೂಳೂರು ಸೇತುವೆಯ ಮೇಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಮ್ಮೆ ಯೋಚಿಸಿ.

ಸುರತ್ಕಲಿನ ಫಿಟ್ಟರ್:

ಮಲ್ಪೆಯವರ ಉಪ್ಪಿನ ಮಾತು ನೂರಕ್ಕೆ ನೂರು ಸರಿ. ಎಬಿಎಸ್‌ನ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ. ಸ್ಟೀಲ್ ಲೈನ್ ಬ್ರೇಕಿನ ಬಲವನ್ನು ಹೆಚ್ಚಿಸುವುದಿಲ್ಲ. ಟೈರಿಗೆ ಇರುವ ಹಿಡಿತಕ್ಕಿಂತ ಹೆಚ್ಚು ಯಾವ ಲೈನೂ ಕೊಡಲಾರದು. ಅದು ಮಾಡುವುದಿಷ್ಟೇ: ಲಿವರಿನ ಚಲನೆಯಲ್ಲಿ ಒಂದು ಪಾಲು ಹೋಸ್‌ನ ಗೋಡೆ ಉಬ್ಬಿಸುವುದಕ್ಕೆ ಹೋಗುತ್ತಿದ್ದುದನ್ನು ತಪ್ಪಿಸುತ್ತದೆ. ಚಕ್ರ ಜಾರುವ ಅಂಚಿನಲ್ಲಿದೆ ಎಂಬುದು ಆಗ ಬೆರಳಿಗೆ ಬೇಗ ತಿಳಿಯುತ್ತದೆ, ಒದ್ದೆ ರಸ್ತೆಯಲ್ಲಿ ನನಗೆ ಅದೇ ಬೇಕು. ಮೊದಲ ವಾರ ಕೈ ಪಳಗುವವರೆಗೆ ಎಚ್ಚರವಿರಬೇಕು, ಅದು ನಿಜ.

ಉಪ್ಪಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಮಳೆಗಾಲಕ್ಕೆ ಹೆದರುತ್ತಾರೆ, ಆದರೆ ಮಳೆ ಉಪ್ಪನ್ನು ತೊಳೆಯುತ್ತದೆ. ಲೋಹಕ್ಕೆ ಕೆಟ್ಟ ಕಾಲ ಜನವರಿಯಿಂದ ಮೇ ತನಕ, ದಿನಾ ಸಂಜೆಯ ಕಡಲಗಾಳಿ ತಂದ ಉಪ್ಪು ಒಣಧೂಳಿನ ಜೊತೆ ಕೂತು, ರಾತ್ರಿಯ ತೇವಕ್ಕೆ ಕರಗಿ ಕೆಲಸ ಮಾಡುವ ತಿಂಗಳುಗಳು. ಆಗ ವಾರಕ್ಕೊಮ್ಮೆ ಬಾವಿ ನೀರಿನಲ್ಲಿ ತೊಳೆದರೆ ಸಾಕು.

ಕಾಪು ಸವಾರ:

ಭಾನುವಾರ ಹೇಳಿದಂತೆಯೇ ಮಾಡಿದೆ. ಚಕ್ರ ಬಿಗಿಯಾಗಿತ್ತು, ನಿಪ್ಪಲ್ ಸಡಿಲಿಸಿದರೂ ಬಿಡಲಿಲ್ಲ. ಕ್ಯಾಲಿಪರ್ ಬಿಚ್ಚಿದಾಗ ಎರಡು ಪಿನ್ನುಗಳಲ್ಲಿ ಒಂದು ತುಕ್ಕು ಮತ್ತು ಕೆಂಪು ಮಣ್ಣು ಸೇರಿ ಅಂಟಿಕೊಂಡಿತ್ತು. ಕೈಯಲ್ಲಿ ಬರದೆ ಸೀಮೆಎಣ್ಣೆ ಬಿಟ್ಟು, ತಟ್ಟಿ ತೆಗೆಯಬೇಕಾಯಿತು. ಒಳಗಿನ ಪ್ಯಾಡ್ ಹೊರಗಿನದ್ದರ ಅರ್ಧದಷ್ಟೂ ಉಳಿದಿರಲಿಲ್ಲ. ಹೊರಬಂದ ಆಯಿಲ್ ಬೆಲ್ಲದ ಕಾಫಿಯ ಬಣ್ಣದ್ದು. ನಾನು ಅದನ್ನು ಒಮ್ಮೆಯೂ ಬದಲಿಸಿಲ್ಲ, ಊಹೆ ಸರಿಯಾಗಿಯೇ ಇತ್ತು.

ಪಿನ್, ಅದರ ರಬ್ಬರ್ ಬೂಟು, ಪಿಸ್ಟನ್ ಸೀಲು, ಪ್ಯಾಡ್ ಎಲ್ಲ ಹೊಸದಕ್ಕೆ ಹೇಳಿದ್ದೇನೆ. ಹೋಸ್ ಹೇಗೂ ಬದಲಿಸಲೇಬೇಕಾದ್ದರಿಂದ, ತುದಿಗಳೂ ಸ್ಟೇನ್‌ಲೆಸ್ ಎಂದು ಬರೆದುಕೊಟ್ಟವರಿಂದ ಸ್ಟೀಲ್ ಲೈನನ್ನೇ ತರಿಸುತ್ತಿದ್ದೇನೆ, ಮಲ್ಪೆಯವರು ಕ್ಷಮಿಸಬೇಕು. ಜೋಡಿಸುವಾಗ ಏನೇನು ನೋಡಿಕೊಳ್ಳಬೇಕು?

ಹೆಬ್ರಿ ದಾರಿ:

ನನ್ನ ಗಾಡಿಗೆ ನಾನೇ ಹಾಕಿಕೊಂಡವನು, ಆದ್ದರಿಂದ ಕೆಟ್ಟು ಕಲಿತದ್ದನ್ನು ಹೇಳುತ್ತೇನೆ. ಲೈನಿನ ತುದಿಯಲ್ಲಿರುವ ಬಳೆಯಂಥ ಫಿಟ್ಟಿಂಗೇ ಬಾಂಜೊ; ಅದನ್ನು ಬಿಗಿಯುವ ಬಾಂಜೊ ಬೋಲ್ಟುಗಳಲ್ಲಿ 10 ಮಿಲಿಮೀಟರಿಗೆ ಎರಡು ಬಗೆಯ ಥ್ರೆಡ್ ಬರುತ್ತದೆ, ಹಲ್ಲುಗಳ ಅಂತರ 1.25 ಮಿಲಿಮೀಟರಿನದು ಮತ್ತು 1.0 ಮಿಲಿಮೀಟರಿನದು. ನಿಮ್ಮ ಗಾಡಿಯ ನಿಸಿನ್ ಕ್ಯಾಲಿಪರಿಗೆ 1.25 ಬೇಕು. ತಪ್ಪಾದದ್ದು ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ಅಲ್ಲಿ ಬಲ ಹಾಕಿದರೆ ಕ್ಯಾಲಿಪರಿನ ಅಲ್ಯೂಮಿನಿಯಂ ಥ್ರೆಡ್ ಹೋಯಿತೆಂದೇ ಲೆಕ್ಕ. ಹಳೆಯ ಬೋಲ್ಟನ್ನು ಪಕ್ಕದಲ್ಲಿಟ್ಟು ಎರಡರ ಹಲ್ಲುಗಳನ್ನು ಒಂದಕ್ಕೊಂದು ಕೂರಿಸಿ ನೋಡಿದರೆ ಗೊತ್ತಾಗುತ್ತದೆ. ಬಾಂಜೊವಿನ ಎರಡೂ ಬದಿಗೆ ಹೊಸ ವಾಷರ್ ಬೇಕು, ಹಳೆಯದನ್ನು ತಿರುಗಿಸಿ ಹಾಕಬೇಡಿ. ಹೋಂಡಾ ಮೂಲದ ಉಕ್ಕಿನ ಬೋಲ್ಟಿಗೆ ಸುಮಾರು 34 ನ್ಯೂಟನ್ ಮೀಟರ್ ಬಿಗಿ. ಲೈನಿನ ಜೊತೆ ಅಲ್ಯೂಮಿನಿಯಂ ಬೋಲ್ಟು ಬಂದರೆ ಅಷ್ಟು ಬಿಗಿಯಬಾರದು, ನಾನಾದರೆ ಅದನ್ನು ಹಾಕುವುದೇ ಇಲ್ಲ.

ಲೈನ್ ಹಾಯಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಚಕ್ರ ಎತ್ತಿ ಫೋರ್ಕ್ ಪೂರ್ತಿ ಇಳಿದಾಗಲೂ ಎಲ್ಲಿಯೂ ಎಳೆಯಬಾರದು. ಸ್ಟೀಲ್ ಹೆಣಿಗೆ ಅರದ ಹಾಗೆ: ನನ್ನದರಲ್ಲಿ ಹೊದಿಕೆ ಸವೆದು ಒಂದೇ ಬೇಸಗೆಯಲ್ಲಿ ಮಡ್‌ಗಾರ್ಡಿನ ಬಣ್ಣ ಕೆರೆದು ತಗಡು ಕಂಡಿತ್ತು. ತಾಗುವಲ್ಲಿ ರಬ್ಬರ್ ಕ್ಲಿಪ್ ಹಾಕಿ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಬೇರಿಂಗಿನ ಗ್ರೀಸ್ ಹಚ್ಚಿದರೆ ಬೂಟು ಊದಿಕೊಳ್ಳುತ್ತದೆ. ಆಯಿಲ್ ಡಾಟ್ 4ರ ಸಣ್ಣ ಡಬ್ಬಿ ಹೊಸದಾಗಿ ಒಡೆದದ್ದೇ ಇರಲಿ. ಗ್ಯಾರೇಜಿನಲ್ಲಿ ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟದ್ದು ಆಗಲೇ ನೀರು ಕುಡಿದಿರುತ್ತದೆ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ, ಆಯಿಲ್ ಚೆಲ್ಲಿದರೆ ಒರೆಸುವ ಮೊದಲು ನೀರು ಸುರಿಯಿರಿ.

ಸುರತ್ಕಲಿನ ಫಿಟ್ಟರ್:

ಒಂದು ಬಿಟ್ಟುಹೋಯಿತು. ಹೊಸ ಲೈನಿನಲ್ಲಿ ಗಾಳಿ ಕೊನೆಗೆ ಸಿಕ್ಕಿಕೊಳ್ಳುವುದು ಮೇಲೆ, ಮಾಸ್ಟರ್ ಸಿಲಿಂಡರಿನ ಬಾಂಜೊದಲ್ಲಿ. ಕೆಳಗಿನ ನಿಪ್ಪಲಿನಿಂದ ಎಷ್ಟು ಬ್ಲೀಡ್ ಮಾಡಿದರೂ ಅದು ಇಳಿದು ಬರುವುದಿಲ್ಲ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಲೈನನ್ನು ಕೆಳಗಿನಿಂದ ಮೇಲಕ್ಕೆ ಬೆರಳಿನಿಂದ ತಟ್ಟುತ್ತಾ ಲಿವರನ್ನು ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಒತ್ತಿ ಒತ್ತಿ ಬಿಡಿ, ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿಯಲ್ಲಿ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ರಾತ್ರಿ ಲಿವರನ್ನು ಹ್ಯಾಂಡಲಿಗೆ ಹಗ್ಗದಿಂದ ಕಟ್ಟಿಡಿ. ಬೆಳಿಗ್ಗೆ ಬಿಚ್ಚಿ ಇನ್ನೊಮ್ಮೆ ಬ್ಲೀಡ್ ಮಾಡಿ, ಬಾಂಜೊಗಳ ಸುತ್ತ ಒಣ ಕಾಗದ ಒತ್ತಿ ಒದ್ದೆಯಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅಂಗಳದಿಂದ ಹೊರಡಿ.