ವೈರಸ್ಸನ್ನು ‘ತಟಸ್ಥ’ ಮಾಡುವುದು ಅಂದರೆ ಏನು?

ಎಲ್ಲರಿಗೂ ನಮಸ್ಕಾರ.

ಲಿವರಿಗೆ ವೈರಸ್ ತಗುಲಿ ಕಾಮಾಲೆ ತರುವ ಹೆಪಟೈಟಿಸ್ ಬಿ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಹತ್ತಿರ ಬಂಡಿ ನಿಂತುಬಿಟ್ಟಿದೆ. ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿಗಳು, ವೈರಸ್ಸನ್ನು ‘ನ್ಯೂಟ್ರಲೈಸ್’ ಮಾಡುತ್ತವೆ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ? ‘ತಟಸ್ಥಗೊಳಿಸು’ ಎಂಬ ಬಳಕೆ ಇದೆ. ನನಗೆ ಅದು ಒಗ್ಗುತ್ತಿಲ್ಲ.

ತಟಸ್ಥ ಅಂದರೆ ದಡದಲ್ಲಿ ನಿಂತವನು. ಜಗಳದಲ್ಲಿ ಯಾರ ಕಡೆಗೂ ಸೇರದವನು. ವೈರಸ್ ಹಾಗೆ ದಡ ಹತ್ತಿ ಸುಮ್ನೆ ಕೂರುತ್ತದೆಯೇ? ಆಮ್ಲಕ್ಕೆ ಪ್ರತ್ಯಾಮ್ಲ ಬೆರೆಸುವುದನ್ನು ಪಾಠದಲ್ಲಿ ‘ತಟಸ್ಥೀಕರಣ’ ಅನ್ನುತ್ತಾರೆ, ಅದು ಸರಿ. ಅಲ್ಲಿ ಎರಡರ ಗುಣವೂ ಹೋಗಿ ಉಪ್ಪು, ನೀರು ಉಳಿಯುತ್ತದೆ. ಇಲ್ಲಿ ವೈರಸ್ ಬೇರೆ ಏನೂ ಆಗುವುದಿಲ್ಲ.

ಹಾಗಾದರೆ ಆಗುವುದೇನು? ಪ್ರತಿಕಾಯ ಇಂಗ್ಲಿಷಿನ ವೈ ಅಕ್ಷರದ ಹಾಗಿದೆ. ಅದರ ಒಂದೊಂದು ತೋಳಿನ ತುದಿಯಲ್ಲೂ ಆರು ಸಣ್ಣ ಕುಣಿಕೆಗಳು. ವೈರಸ್ಸಿನ ಹೊದಿಕೆಯ ಮೇಲೆ ‘ಎಸ್’ ಎಂಬ ಪ್ರೋಟೀನಿದೆ, 226 ಅಮೈನೊ ಆಮ್ಲಗಳ ಸರ. ಅದರ ಒಂದು ಭಾಗ ಗಂಧಕದ ಬೆಸುಗೆಯಿಂದ ಮಡಚಿಕೊಂಡು ಹೊರಗೆ ಚಾಚಿದೆ. ಪ್ರತಿಕಾಯದ ಕುಣಿಕೆಗಳು ಆ ಮಡಿಕೆಗೆ ಸರಿಯಾಗಿ ಕೂರುತ್ತವೆ. ಬೆಸುಗೆ ಬಿಚ್ಚಿ ಸರವನ್ನು ನೇರ ಮಾಡಿದರೆ ಅದೇ ಪ್ರತಿಕಾಯ ಹಿಡಿತ ಕಳೆದುಕೊಳ್ಳುತ್ತದೆ. ಸರದ 145ನೇ ಜಾಗದಲ್ಲಿ ಗ್ಲೈಸಿನ್ ಹೋಗಿ ಆರ್ಜಿನಿನ್ ಬಂದರೂ ಅಷ್ಟೇ. ಗ್ಲೈಸಿನ್ ಅಮೈನೊ ಆಮ್ಲಗಳಲ್ಲೆಲ್ಲ ಚಿಕ್ಕದು. ಆರ್ಜಿನಿನ್‌ಗೆ ಉದ್ದನೆಯ ಬಾಲ, ಮೇಲೆ ಧನ ವಿದ್ಯುತ್ತು ಬೇರೆ. ಲಸಿಕೆಯಿಂದ ಹುಟ್ಟಿದ ಎಷ್ಟೋ ಪ್ರತಿಕಾಯಗಳು ಅಲ್ಲಿ ಜಾರುತ್ತವೆ.

ಅಂದಹಾಗೆ ಪ್ರತಿಕಾಯ ವೈರಸ್ಸನ್ನು ‘ಗುರುತಿಸುತ್ತದೆ’ ಅನ್ನುವುದೂ ಪೂರ್ತಿ ಸರಿಯಲ್ಲ. ಪ್ರತಿಕಾಯಕ್ಕೆ ಕಣ್ಣಿಲ್ಲ. ಕತ್ತಲಲ್ಲಿ ತಡವಿ ಬೀಗಕ್ಕೆ ಕೀ ಹಾಕುವ ಕೆಲಸ ಅದು. ಆದರೆ ಆ ಪದ ಬೇರೂರಿದೆ, ಬಿಡಿ.

ಹಿಡಿದ ಮೇಲಿನದು ನನ್ನ ಪ್ರಶ್ನೆ. ವೈರಸ್ ಲಿವರ್ ಜೀವಕೋಶದ ಒಳಗೆ ಹೋಗಲು ‘ಎನ್‌ಟಿಸಿಪಿ’ ಎಂಬ ಬಾಗಿಲು ಬಳಸುತ್ತದೆ. ಪಿತ್ತದ ಲವಣಗಳು ಒಳಗೆ ಬರಲು ಇರುವ ಬಾಗಿಲು ಅದು. ವೈರಸ್ಸಿಗೂ ಅದೇ ದಾರಿ ಅಂತ ಗೊತ್ತಾದದ್ದು 2012ರಲ್ಲಿ. ಪ್ರತಿಕಾಯ ಮೈಮೇಲೆ ಕೂತರೆ ವೈರಸ್ಸಿಗೆ ಜೀವಕೋಶವನ್ನು ಅಂಟಲು ಆಗುವುದಿಲ್ಲ, ಬಾಗಿಲವರೆಗೂ ಹೋಗುವುದಿಲ್ಲ. ಇಷ್ಟೇ ಇಲ್ಲಿನ ನ್ಯೂಟ್ರಲೈಸ್.

ಎಲ್ಲ ಪ್ರತಿಕಾಯಗಳೂ ಇದನ್ನು ಮಾಡುವುದಿಲ್ಲ ಅನ್ನುವುದೇ ನನ್ನ ತಲೆನೋವು. ವೈರಸ್ಸಿನ ಒಳತಿರುಳಿನ ವಿರುದ್ಧವೂ ಪ್ರತಿಕಾಯ ಹುಟ್ಟುತ್ತದೆ. ಸೋಂಕು ತಗುಲಿತ್ತು ಅನ್ನಲು ಅದೇ ಸಾಕ್ಷಿ. ಆದರೆ ತಿರುಳು ಹೊದಿಕೆಯ ಒಳಗೆ ಅಡಗಿರುವಾಗ ಆ ಪ್ರತಿಕಾಯಕ್ಕೆ ಮಾಡಲು ಏನೂ ಇಲ್ಲ. ಲಸಿಕೆ ಹಾಕಿಸಿಕೊಂಡವರಲ್ಲಿ ಹೊದಿಕೆಯ ವಿರುದ್ಧದ ಪ್ರತಿಕಾಯ ಮಾತ್ರ ಇರುತ್ತದೆ, ಅದು ಸೋಂಕಿನಿಂದ ಕಾಪಾಡುತ್ತದೆ. ಒಂದು ಸುಮ್ಮನೆ ಅಂಟುವುದು, ಇನ್ನೊಂದು ಅಂಟಿ ತಡೆಯುವುದು. ಇವೆರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು.

‘ನಿಷ್ಕ್ರಿಯಗೊಳಿಸು’ ಆಗದು. ಹೆಪಟೈಟಿಸ್ ಎ ಲಸಿಕೆಗಾಗಿ ಫಾರ್ಮಲಿನ್ ಹಾಕಿ ವೈರಸ್ ಕೆಡಿಸುತ್ತಾರಲ್ಲ, ಆ ಪದ ಅದಕ್ಕೆ ಮೀಸಲು. ‘ಹಲ್ಲು ಕಿತ್ತ ಹಾವು’ ಅನ್ನೋಣವೆಂದರೆ ಇಲ್ಲಿ ಯಾರೂ ಹಲ್ಲು ಕೀಳುತ್ತಿಲ್ಲ.

ನನಗೆ ಹೊಳೆದದ್ದು ಒಕ್ಕಣೆ ಕಣದ ಎತ್ತು. ಕಾಳು ತಿನ್ನದಿರಲಿ ಅಂತ ಅದಕ್ಕೆ ಬಾಯಿಕುಕ್ಕೆ ಹಾಕುತ್ತಾರೆ. ಎತ್ತೂ ಇದೆ, ಬಾಯಿಯೂ ಇದೆ, ತಿನ್ನಲು ಮಾತ್ರ ಆಗದು. ಹಾಗಾಗಿ ‘ಬಾಯಿಕಟ್ಟುವ ಪ್ರತಿಕಾಯ’ ಅಂದರೆ ಹೇಗೆ? ಒಂದೇ ಅನುಮಾನ. ಬಾಯಿ ಕಟ್ಟುವುದು ಅಂದರೆ ಪಥ್ಯ ಅಂತಲೂ ಅರ್ಥವಿದೆ. ಕಾಮಾಲೆಯ ಲೇಖನದಲ್ಲಿ ಓದುಗರು ಅದನ್ನೇ ಅಂದುಕೊಂಡರೆ ಕಷ್ಟ, ಅಲ್ವಾ?

‘ಕುಕ್ಕೆ ಹಾಕು’ ಅಂತಲೇ ಬರೆದರೆ ಎಲ್ಲ ಕಡೆಯವರಿಗೂ ತಿಳಿಯುತ್ತದೆಯೇ? ಎತ್ತು ಸಾಕಿದ ಮನೆಯವರು ಇದ್ದರೆ ಹೇಳಿ, ನಿಮ್ಮೂರಲ್ಲಿ ಇದಕ್ಕೆ ಏನನ್ನುತ್ತಾರೆ?